ಕಿಜಾಂಗ್ ಕಾರಿನ ಬೆಳಗಿನ ಕಾವು

೨೦೧೪ರ ಜನವರಿ ೧೩, ಸೋಮವಾರ, ಬೆಳಗ್ಗೆ ಐದು ಗಂಟೆ ಐದು ನಿಮಿಷಕ್ಕೆ ಕುಸ್ಮಾಂತೊ ತನ್ನ ಕಾರು ಶೆಡ್ಡಿನ ಶಟರನ್ನು ಒಳಗಿನಿಂದ ಎಳೆದು ನೆಲಕ್ಕೆ ತಾಗಿಸಿದ. ಶಟರು ಮುಚ್ಚಿಕೊಂಡು ಇಂಜಿನ್ ಶುರು ಮಾಡಲು ಹೊರಟದ್ದು ಇಪ್ಪತ್ತಮೂರು ವರ್ಷಗಳಲ್ಲಿ ಅದೇ ಮೊದಲು. ಸೆಮರಾಂಗ್ ಬಂದರಿನ ಕಡೆಯಿಂದ ಒದ್ದೆ ಗಾಳಿ ಬೀಸುತ್ತಿತ್ತು. ಅದು ಶೆಡ್ಡನ್ನು ಹಾದು ಹೆಂಡತಿ ಮಲಗಿದ್ದ ಕೋಣೆಗೆ ನುಗ್ಗಬಾರದು, ಅಷ್ಟೇ ಅವನ ಲೆಕ್ಕ.

ಚೋಕ್ ಎಳೆದು ಕೀಲಿ ತಿರುಗಿಸಿದ. ಕಿಜಾಂಗ್ ಎಂದಿನಂತೆ ಮೊದಲ ಸಲಕ್ಕೇ ಎದ್ದಿತು. ಸ್ವಲ್ಪ ಗುರುಗುಟ್ಟಿ, ಆಮೇಲೆ ಒಂದೇ ಸಮನೆ ಮಿಡಿಯತೊಡಗಿತು. ಸ್ಟೀರಿಂಗಿನ ಮೇಲೆ ಅಂಗೈ ಇಟ್ಟು ಕಿವಿಗೊಟ್ಟು ಕೇಳಿದ. ಒಂದು ಬಡಿತವೂ ಜಾರುತ್ತಿರಲಿಲ್ಲ. ಆ ಸಣ್ಣ ನಡುಕ ಮೊಳಕೈವರೆಗೆ ಹತ್ತಿದ ಮೇಲೆ ಕೆಳಗಿಳಿದು, ಅಡುಗೆಮನೆಗೆ ಹೋಗುವ ಬಾಗಿಲನ್ನು ಹಿಂದೆ ಮುಚ್ಚಿಕೊಂಡು, ಹಿತ್ತಿಲ ಕಡೆಯಿಂದ ಹೊರಬಿದ್ದು ಓಣಿಯ ತುದಿಯಲ್ಲಿದ್ದ, ಉಬ್ಬರದ ನೀರನ್ನು ಹೊರಹಾಕುವ ಪಂಪಿನತ್ತ ನಡೆದ.

ಬೆಳಗ್ಗೆ ಗಾಡಿಗೆ ಕಾವು ಕೊಡುವುದು ಆ ಓಣಿಯಲ್ಲಿ ಹಲ್ಲುಜ್ಜಿದಷ್ಟೇ ಸಹಜ. ಎಲ್ಲಿಗೂ ಹೋಗುವುದಿಲ್ಲದಿದ್ದರೂ ಸರಿ, ಬೈಕಿದ್ದವರು ಬೈಕು, ಕಾರಿದ್ದವರು ಕಾರು ಶುರು ಮಾಡಿ ಹತ್ತು ನಿಮಿಷ ಬಿಟ್ಟುಬಿಡುತ್ತಾರೆ. ಕಾವು ಕಾಣದ ಇಂಜಿನ್ ಮುನಿಸಿಕೊಳ್ಳುತ್ತದೆ ಎಂದು ಕುಸ್ಮಾಂತೊನ ಅಪ್ಪ ಹೇಳುತ್ತಿದ್ದ. ಅಪ್ಪ ಬಂದೂಂಗಾನ್ ಬೆಟ್ಟದಿಂದ ಸೆಮರಾಂಗ್ ಸಂತೆಗೆ ಕೋಸು, ಕ್ಯಾರೆಟ್ಟು ಇಳಿಸುತ್ತಿದ್ದವನು. ಅವನ ಹತ್ತಿರ ಇದ್ದದ್ದು ಮೊದಲ ತಲೆಮಾರಿನ ಕಿಜಾಂಗ್. ಚಪ್ಪಟೆ ತಗಡನ್ನು ಮಡಚಿ ಬೆಸೆದ ಮೈ, ಬಾಗಿಲಿಗೆ ಗಾಜಿನ ಬದಲು ಕ್ಯಾನ್ವಾಸು. ಬಾನೆಟ್ಟು ಎತ್ತಿದರೆ ಮೊಸಳೆ ಬಾಯಿ ತೆರೆದ ಹಾಗೆ ಕಾಣುತ್ತಿದ್ದುದರಿಂದ ಜನ ಅದಕ್ಕೆ ಮೊಸಳೆ ಎಂದೇ ಹೆಸರಿಟ್ಟಿದ್ದರು. ಕಂಪನಿ ಇಟ್ಟ ಹೆಸರು ಕಿಜಾಂಗ್, ಅಂದರೆ ಜಿಂಕೆ; ಜನ ಇಟ್ಟದ್ದು ಮೊಸಳೆ. ಜಪಾನಿನವರು ಈ ದೇಶದ ಹೊಂಡಗಳಿಗೆಂದೇ, ಈ ದೇಶದ ದೊಡ್ಡ ಸಂಸಾರಗಳಿಗೆಂದೇ ಮಾಡಿದ ಗಾಡಿ ಅದು; ಜಪಾನಿನ ರಸ್ತೆಯಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ. ಮೊಸಳೆಯ ಮೈ ತುಕ್ಕು ಹಿಡಿದು ಉದುರಿತು, ಇಂಜಿನ್ ಉದುರಲಿಲ್ಲ. ಅಪ್ಪ ಸತ್ತ ಮೇಲೆ ಅದನ್ನು ಯಾರೋ ಬಿಚ್ಚಿ ಭತ್ತದ ಗಿರಣಿಗೆ ಕೂರಿಸಿದರು.

ಕುಸ್ಮಾಂತೊನದು ೧೯೯೧ರ ಗಾಡಿ, ಕಡು ಹಸಿರು, ಅದೇ ವಂಶದ್ದು. ಹತ್ತಿ ಗಿರಣಿಯಲ್ಲಿ ಅವನ ಕೆಲಸ ಒತ್ತಡದ ಗೇಜುಗಳನ್ನು ಪರೀಕ್ಷಿಸಿ ಸರಿಪಡಿಸುವುದು. ಮುಳ್ಳು ತೋರಿಸಿದ್ದನ್ನು ಮಾತ್ರ ನಂಬುವ ಮನುಷ್ಯ. ಅಂಥವನು ಅಳೆಯದೆ ನಂಬಿದ್ದು ಆ ಕಾರೊಂದನ್ನೇ. ಹಬ್ಬಕ್ಕೆ ಊರಿಗೆ ಹೋಗುವಾಗ ಹನ್ನೊಂದು ಜನ, ಎರಡು ಕೋಳಿ, ಒಂದು ಹೊಲಿಗೆಯಂತ್ರ ತುಂಬಿಕೊಂಡು ವೊನೊಗಿರಿ ಏರು ಹತ್ತಿದೆ. ಯಾವ ಊರಿನ ಯಾವ ಮೂಲೆಯ ಅಂಗಡಿಯಲ್ಲಿ ಕೇಳಿದರೂ ಬಿಡಿಭಾಗ ಸಿಗುತ್ತದೆ. ಅವನಿಗೂ ಹೆಂಡತಿ ಮುರ್ತಿನಿಗೂ ಮಕ್ಕಳಾಗಲಿಲ್ಲ. ಆದರೆ ಓಣಿಯ ಅರ್ಧ ಮಕ್ಕಳು ಆ ಕಾರಿನಲ್ಲಿ ಆಸ್ಪತ್ರೆಗೆ ಹೋದ ತಾಯಂದಿರಿಗೇ ಹುಟ್ಟಿದವರು. ಹೆರಿಗೆ ನೋವು ಶುರುವಾದರೆ ಯಾರೂ ಆಂಬುಲೆನ್ಸ್‌ಗೆ ಫೋನು ಮಾಡುತ್ತಿರಲಿಲ್ಲ. ಕುಸ್ಮಾಂತೊನ ಕಿಟಕಿ ತಟ್ಟುತ್ತಿದ್ದರು.

ಊರಿನ ಆ ಭಾಗದಲ್ಲಿ ನೆಲ ಕುಸಿಯುತ್ತದೆ, ಸಮುದ್ರ ಒಳಗೆ ಬರುತ್ತದೆ. ಕೆಲವು ವರ್ಷಕ್ಕೊಮ್ಮೆ ಪ್ರತಿ ಮನೆಯವರೂ ಮಣ್ಣು ತರಿಸಿ ನೆಲ ಏರಿಸುತ್ತಾರೆ. ನೆಲ ಏರುತ್ತದೆ, ಮಾಡು ಇದ್ದಲ್ಲೇ ಇರುತ್ತದೆ. ಬಾಗಿಲುಗಳು ಗಿಡ್ಡವಾಗುತ್ತವೆ, ಕಿಟಕಿಗಳು ಮಂಡಿಯ ಮಟ್ಟಕ್ಕೆ ಬರುತ್ತವೆ. ಹಿಂದಿನ ನವೆಂಬರಿನಲ್ಲಿ ಕುಸ್ಮಾಂತೊ ಶೆಡ್ಡಿನ ನೆಲವನ್ನು ಒಂದು ಮೀಟರು ಏರಿಸಿದ. ಉಪ್ಪುನೀರು ಕಾರಿನ ಅಡಿಯನ್ನು ತಿನ್ನುತ್ತದೆಂಬ ಭಯಕ್ಕೆ ಮೊದಲು ಶೆಡ್ಡು, ಮಳೆಗಾಲ ಮುಗಿದ ಮೇಲೆ ಮನೆ ಎಂದು ತೀರ್ಮಾನವಾಗಿತ್ತು.

"ಗಾಡಿಗೆ ಮಹಡಿ, ನನಗೆ ನೆಲಮಾಳಿಗೆ," ಎಂದಿದ್ದಳು ಮುರ್ತಿನಿ. ಗಂಡನನ್ನು ಅವಳು ಕರೆಯುತ್ತಿದ್ದದ್ದು ಮಾಸ್ ಎಂದೇ. "ಮುಂದಿನ ಜನ್ಮದಲ್ಲಿ ನಾಲ್ಕು ಚಕ್ರ ಇಟ್ಕೊಂಡು ಹುಟ್ತೀನಿ ಮಾಸ್, ಆವಾಗ ನೋಡ್ಕೊಳ್ಳಿ ನನ್ನ."

ಮಲಗುವ ಕೋಣೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ. ಅದರಲ್ಲೊಂದು ಹಳೆಯ ಕಿಟಕಿ. ಶೆಡ್ಡು ಕಟ್ಟುವ ಮೊದಲು ಅದು ಬಯಲಿಗೆ ತೆರೆಯುತ್ತಿತ್ತು. ನೆಲ ಏರಿದ ಮೇಲೆ ಕಿಟಕಿಯ ಕೆಳಅಂಚು ಕಾರಿನ ಹಿಂದಿನ ಬಂಪರಿನ ಮಟ್ಟಕ್ಕೆ ಬಂತು. ನೀರು ಏರಿದರೆ ತಕ್ಷಣ ಹೊರಡಲು ಆಗಬೇಕೆಂದು ಆ ಕಡೆಯವರೆಲ್ಲ ಗಾಡಿಯ ಮೂತಿ ರಸ್ತೆಗೆ ಮಾಡಿ ನಿಲ್ಲಿಸುತ್ತಾರೆ. ಹಾಗಾಗಿ ಕಿಜಾಂಗ್‌ನ ಸೈಲೆನ್ಸರ್ ಕೊಳವೆ ಇದ್ದದ್ದು ಕಿಟಕಿಯ ಪಕ್ಕದಲ್ಲಿ, ಮುರ್ತಿನಿಯ ತಲೆದಿಂಬಿನಿಂದ ಎರಡು ಮಾರು ದೂರದಲ್ಲಿ.

ಡಿಸೆಂಬರಿನಲ್ಲಿ ಅವಳಿಗೆ ತಲೆನೋವು ಶುರುವಾಯಿತು. ಎದ್ದ ಕೂಡಲೇ ಹಣೆ ಬಿಗಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿತ್ತು. ಆರೋಗ್ಯ ಕೇಂದ್ರದಲ್ಲಿ ಸರದಿ ನಿಂತು ತೋರಿಸುವ ಹೊತ್ತಿಗೆ ಅವಳು ಚೆನ್ನಾಗಿಯೇ ಇರುತ್ತಿದ್ದಳು. ರಕ್ತದೊತ್ತಡ ಸರಿ ಇದೆ ಎಂದು ಮಾತ್ರೆ ಕೊಟ್ಟು ಕಳಿಸಿದರು. ಕಾಯಿಲೆ ಏನೆಂದು ಓಣಿಗಂತೂ ಗೊತ್ತಿತ್ತು: ಮೈಯೊಳಗೆ ಗಾಳಿ ಹೊಕ್ಕಿದೆ.

ಜನವರಿ ಹನ್ನೆರಡರ ಸಂಜೆ ಸರಿಪಜ್ಜಿ ಬಂದಳು. ಓಣಿಯ ಬಸುರಿ ಬಾಣಂತಿಯರಿಗೆ ಮೈ ನೀವುವವಳು, ಸತ್ತ ಹೆಂಗಸರಿಗೆ ಸ್ನಾನ ಮಾಡಿಸುವವಳೂ ಅವಳೇ. ಮುರ್ತಿನಿಯನ್ನು ಬೋರಲು ಮಲಗಿಸಿ, ಬೆನ್ನಿಗೆ ನೀಲಗಿರಿ ಎಣ್ಣೆ ಸವರಿ, ದಪ್ಪ ಅಂಚಿನ ಹಳೆಯ ನಾಣ್ಯದಿಂದ ಬೆನ್ನೆಲುಬಿನಿಂದ ಪಕ್ಕೆಗೆ ಗೀಚತೊಡಗಿದಳು. ಒಂದೊಂದು ಗೀಚಿಗೂ ಕೆಂಪು ಬರೆ ಎದ್ದಿತು.

"ನೋಡು, ನೋಡು, ಹ್ಯಾಗೆ ಕೆಂಪಾಯ್ತು! ಇಷ್ಟು ಗಾಳಿ ನಾನು ಯಾರ ಮೈಯಲ್ಲೂ ನೋಡಿಲ್ಲ," ಎಂದಳು ಅಜ್ಜಿ. "ಏನು ಮಗಾ ಕುಸ್, ಹೆಂಡತೀನ ಹಡಗಿನ ಹಾಯಿ ಮಾಡಿದೀಯಾ?"

"ಅಯ್ಯೋ, ಮೆಲ್ಲಗೆ ಅಜ್ಜೀ, ಚರ್ಮ ಬಿಡಿ," ಎಂದಳು ಮುರ್ತಿನಿ.

"ಚರ್ಮ ಬಿಟ್ರೆ ಗಾಳಿ ಹೋಗಲ್ಲಮ್ಮ." ಅಜ್ಜಿ ಕುಸ್ಮಾಂತೊನ ಕಡೆ ತಿರುಗಿದಳು. "ಬೆಳಿಗ್ಗೆ ಬೆಳಿಗ್ಗೆ ಆ ಶಟರು ತೆಗೆದು ನಿಂತ್ಕೋತೀಯಲ್ಲ, ಸಮುದ್ರದ ಗಾಳಿ ಸೀದಾ ಇವಳ ತಲೆಗೇ ಬಡಿಯುತ್ತೆ. ಮುಚ್ಚು ಅದನ್ನ."

"ಗಾಡಿಗೆ ಕಾವು ಕೊಡ್ಬೇಕಲ್ಲ ಅಜ್ಜಿ."

"ಕೊಡು, ಯಾರು ಬೇಡ ಅಂದ್ರು? ಮುಚ್ಕೊಂಡು ಕೊಡು. ಕೋಣೆನೂ ಬೆಚ್ಚಗಾಗುತ್ತೆ."

ಆ ಮಾತು ಅವನಿಗೆ ಒಪ್ಪಿಗೆಯಾಯಿತು. ಬೀದಿ ಕಡೆಯ ಕಿಟಕಿಯ ಸಂದುಗಳಿಗೆ ಅವತ್ತೇ ಹಳೆಯ ಪತ್ರಿಕೆ ತುರುಕಿದ. ಮೇಲಿನ ಗಾಳಿಗಂಡಿಗಳಿಗೆ ಪ್ಲಾಸ್ಟಿಕ್ ಹಾಳೆ ಬಡಿದ. ಶೆಡ್ಡಿನ ಕಡೆಯ ಕಿಟಕಿಯೊಂದನ್ನು ಮಾತ್ರ ತೆರೆದಿಟ್ಟ. ಅಲ್ಲಿಂದ ಗಾಳಿ ಬರುವುದಿಲ್ಲ, ಇಂಜಿನ್ನಿನ ಶಾಖ ಬರುತ್ತದೆ. ಹೊಗೆಯ ವಾಸನೆ ಬರುತ್ತಿತ್ತು, ನಿಜ. ಆದರೆ ಆ ಮನೆಯ ಬೆಳಗಿಗೆ ಮೊದಲಿನಿಂದಲೂ ಅದೇ ವಾಸನೆ. ಹಬ್ಬಕ್ಕೆ ಊರಿಗೆ ಹೊರಟ ವಾಸನೆ ಅದು ಎಂದು ಮುರ್ತಿನಿಯೇ ಹೇಳುತ್ತಿದ್ದಳು.

ಆ ವಾರ ಅವಳ ತಲೆನೋವು ಸಂಜೆಯಾದರೂ ಇಳಿಯಲಿಲ್ಲ. ಒಂದು ಬೆಳಗ್ಗೆ ಬಚ್ಚಲಿಗೆ ಹೋದವಳು ಗೋಡೆ ಹಿಡಿದು ಕುಸಿದು ಕೂತಳು. ಕುಸ್ಮಾಂತೊ ಶುಂಠಿ ಕಷಾಯ ಕಾಯಿಸಿಕೊಟ್ಟ, ಕಾಲು ತಿಕ್ಕಿದ, ಬಾಗಿಲ ಅಡಿಯ ಸಂದಿಗೆ ಹಳೆಯ ಸರೋಂಗು ಪಂಚೆ ಮಡಚಿ ಇಟ್ಟ.

ಭಾನುವಾರ ಅವಳ ತಮ್ಮ ಗುನಾದಿ ಬಂದ. ಊಂಗಾರಾನ್ ಬೆಟ್ಟದ ಬುಡದಲ್ಲಿ ಅವನದೊಂದು ಗ್ಯಾರೇಜಿತ್ತು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಮಧ್ಯಾಹ್ನದ ಹೊತ್ತು, ಶಟರು ಪೂರ್ತಿ ಮೇಲಿತ್ತು. ಅಕ್ಕನ ಮುಖ ನೋಡುವ ಮೊದಲೇ ಬಾನೆಟ್ಟು ಎತ್ತಿದ.

"ಭಾವ, ಇದಕ್ಕೆ ಸಾವಿಲ್ಲ ಬಿಡಿ. ನಿಮ್ಮ ತಿಥಿ ಊಟಕ್ಕೆ ಅಕ್ಕಿ ಮೂಟೆ ತರೋದೂ ಇದೇ ಗಾಡಿ."

"ನಿನ್ನ ತಿಥಿಗೂ ಬರುತ್ತೆ, ಚಿಂತೆ ಮಾಡ್ಬೇಡ," ಎಂದ ಕುಸ್ಮಾಂತೊ. "ಒದ್ದೆ ಹವಾಕ್ಕೆ ಬೆಳಿಗ್ಗೆ ಒಂಚೂರು ತಡವರಿಸ್ತಾ ಇದೆ ಅನಿಸುತ್ತೆ."

"ತಡವರಿಸೋದಾ? ಪ್ರಾಯದ ಹುಡುಗಿ ಹಾಗಿದೆ." ಗುನಾದಿ ಸ್ಕ್ರೂಡ್ರೈವರ್ ತೆಗೆದು ಕಾರ್ಬುರೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದ. "ಇಷ್ಟು ಪೆಟ್ರೋಲು ಜಾಸ್ತಿ ಕೊಡೋಣ. ಇನ್ನು ಸಮುದ್ರದೊಳಗೆ ಮುಳುಗಿಸಿದ್ರೂ ಐಡ್ಲಿಂಗ್ ನಿಲ್ಲಲ್ಲ. ಹೊಸ ಕಾರುಗಳು ಕಂಪ್ಯೂಟರ್ ಕೇಳ್ಕೊಂಡು ಓಡ್ತವೆ, ಇದು ಮಾತು ಕೊಟ್ರೆ ಓಡುತ್ತೆ."

ಆಮೇಲೆ ಅಕ್ಕನನ್ನು ನೋಡಿ ಅವನ ನಗು ಇಳಿಯಿತು. "ಏನಕ್ಕಾ, ಹೀಗೆ ಸೊರಗಿದೀಯ? ಭಾವ ಊಟ ಹಾಕ್ತಾ ಇಲ್ವಾ?"

"ಎಲ್ಲಾ ಪೆಟ್ರೋಲು ಗಾಡಿಗೇ ಕುಡಿಸ್ತಾರೆ, ನನಗೆಲ್ಲಿಂದ ಬರಬೇಕು?" ಎಂದಳು ಮುರ್ತಿನಿ. ನಗಲು ಹೋಗಿ ಹಣೆ ಹಿಡಿದುಕೊಂಡಳು.

ಅವತ್ತೇ ಅವಳನ್ನು ಊಂಗಾರಾನಿಗೆ ಕರೆದೊಯ್ಯುವುದೆಂದಾಯಿತು. ಕುಸ್ಮಾಂತೊನೇ ಕಿಜಾಂಗ್‌ನಲ್ಲಿ ಬಿಟ್ಟು ಬಂದ. ಮಳೆಯಲ್ಲಿ ತೊಳೆದುಹೋದ ಏರಿನಲ್ಲಿ ಹೊಸ ಕಾರೊಂದು ಕೆಟ್ಟು ದೀಪ ಮಿಟುಕಿಸುತ್ತ ನಿಂತಿತ್ತು. ಅದನ್ನು ದಾಟುವಾಗ ಅವನು ಸ್ಟೀರಿಂಗನ್ನು ಒಮ್ಮೆ ತಟ್ಟಿದ. ಮುರ್ತಿನಿ ನೋಡಿ, "ಮುದ್ದು ಸಾಕು, ರಸ್ತೆ ನೋಡಿ," ಎಂದಳು.

ಬೆಟ್ಟದ ಮನೆಯಲ್ಲಿ ಎರಡನೆಯ ದಿನಕ್ಕೇ ಅವಳ ತಲೆನೋವು ಬಿಟ್ಟಿತು. ಫೋನಿನಲ್ಲಿ ದನಿ ಗೆಲುವಾಗಿತ್ತು.

"ಮಾಸ್, ಇವತ್ತು ನಾನೇ ತೆಂಪೆ ಹುರಿದೆ. ಗುನಾದಿ ಮಕ್ಕಳು ಒಂದೂ ಉಳಿಸಲಿಲ್ಲ. ನಾಲ್ಕು ಸಲ ಊಟ ಮಾಡಿದೆ ನಾನು."

"ನೋಡಿದ್ಯಾ! ಎಲ್ಲಾ ಆ ಸಮುದ್ರದ ಗಾಳೀದೇ ಕಿತಾಪತಿ."

"ಮಳೆಗಾಲ ಮುಗಿಯೋವರೆಗೆ ಇಲ್ಲೇ ಇದ್ದುಬಿಡ್ಲಾ? ನೀವೂ ಬಂದ್ಬಿಡಿ."

ಓಣಿಯ ಪಂಪಿನ ಉಸ್ತುವಾರಿ ಕುಸ್ಮಾಂತೊನದು. ದೊಡ್ಡ ಉಬ್ಬರದ ದಿನಗಳು ಹತ್ತಿರ ಬಂದಿದ್ದವು. ಅದಕ್ಕಿಂತ ಹೆಚ್ಚಾಗಿ, ಅವಳಿಲ್ಲದ ಮನೆಯಲ್ಲಿ ಅವನಿಗೆ ಅನ್ನ ಸೇರುತ್ತಿರಲಿಲ್ಲ.

"ಪಂಪು ಬಿಟ್ಟು ಹ್ಯಾಗೆ ಬರ್ಲಿ ಮುರ್? ಇನ್ನೊಂದು ವಾರ ಇದ್ದು ಬಾ. ಅಷ್ಟರಲ್ಲಿ ಕೋಣೆಗೆ ಒಂದು ಎಳೆ ಗಾಳಿ ಬರದ ಹಾಗೆ ಮಾಡಿರ್ತೀನಿ."

ಹೇಳಿದಂತೆ ಮಾಡಿದ. ಪಟ್ಟುಬಿಡದೆ ಕೆಲಸ ಮಾಡುವವನು. ಮಾಡಿನ ಹಲಗೆ ಸಂದುಗಳಿಗೆ ಮೇಣದ ಪಟ್ಟಿ ಅಂಟಿಸಿದ. ಶಟರಿನ ಎರಡೂ ಪಕ್ಕದ ಕಂಡಿಗಳಿಗೆ ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ಬಿಗಿದ. ಕಡೆಗೆ ಒಂದು ಊದುಬತ್ತಿ ಹಚ್ಚಿ ಕೋಣೆಯ ಮೂಲೆಮೂಲೆಯಲ್ಲಿ ಹಿಡಿದು ನೋಡಿದ. ಹೊಗೆ ಅಲುಗದೆ ನೆಟ್ಟಗೆ ಮೇಲೆದ್ದಿತು. ಅವನಿಗೆ ತೃಪ್ತಿಯಾಯಿತು.

ಅವಳು ಬಂದ ಮಾರನೆಯ ಬೆಳಗ್ಗೆ ತಲೆನೋವೂ ಬಂತು. ಎರಡು ದಿನದ ಮೇಲೆ ಅವನು ಸಾಕಿದ್ದ ಕಾಡುಪಾರಿವಾಳ ಸತ್ತಿತು. ಜಗಲಿಯಲ್ಲಿ ತೂಗುತ್ತಿದ್ದ ಪಂಜರವನ್ನು ಗಾಳಿಗೆ ಹೆದರಿ ಶೆಡ್ಡಿನೊಳಗೆ ತಂದಿಟ್ಟಿದ್ದ. ಬೆಳಗ್ಗೆ ಪಂಪಿನಿಂದ ಬಂದು ನೋಡಿದರೆ ಹಕ್ಕಿ ಕಾಳಿನ ಬಟ್ಟಲ ಪಕ್ಕದಲ್ಲಿ ಕಾಲು ಚಾಚಿ ಬಿದ್ದಿತ್ತು.

"ಅದಕ್ಕೂ ಗಾಳಿ ಹೊಕ್ಕಿರಬೇಕು," ಎಂದ ಹೆಂಡತಿಗೆ.

"ಅದಕ್ಕೂ ನಾಣ್ಯ ತಗೊಂಡು ಗೀಚಬೇಕಿತ್ತು ನೀವು." ಮುರ್ತಿನಿ ಕಣ್ಣು ಮುಚ್ಚಿಕೊಂಡೇ ಹೇಳಿದಳು. ಸ್ವಲ್ಪ ತಡೆದು, "ಮಾಸ್, ನನ್ನ ಮತ್ತೆ ಗುನಾದಿ ಮನೇಲಿ ಬಿಟ್ಟುಬನ್ನಿ. ಇಲ್ಲಿದ್ರೆ ನಾನು ಏಳಲ್ಲ ಅನಿಸ್ತಿದೆ," ಎಂದಳು.

"ಈ ಉಬ್ಬರ ಒಂದು ಇಳೀಲಿ. ಗುರುವಾರ ಹೊರಡೋಣ. ಆಯ್ತಾ?"

"ಗುರುವಾರನಾ. ಆಯ್ತು."

ಫೆಬ್ರವರಿ ಐದು, ಬುಧವಾರ. ಹಿಂದಿನ ಸಂಜೆಯಿಂದ ಮಳೆ. ಬೆಳಗ್ಗೆ ಪ್ರಾರ್ಥನೆ ಮುಗಿಸಿದ ಕುಸ್ಮಾಂತೊ ಕೋಣೆಗೆ ಇಣುಕಿದಾಗ ಅವಳು ಎಚ್ಚರವಾಗಿದ್ದಳು. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಟ್ಟ. ನಾಳೆ ಬೆಟ್ಟ ಹತ್ತಬೇಕು, ಗಾಡಿ ಸಜ್ಜಾಗಿರಲಿ ಎಂದುಕೊಂಡು ಶೆಡ್ಡಿಗೆ ಹೋದ. ಶಟರು ಮುಚ್ಚಿಯೇ ಇತ್ತು. ಕೀಲಿ ತಿರುಗಿಸಿದ. ಕಿಜಾಂಗ್ ಮೊದಲ ಸಲಕ್ಕೇ ಎದ್ದಿತು.

ಅಷ್ಟರಲ್ಲಿ ಹಿತ್ತಿಲಲ್ಲಿ ಯಾರೋ ಕೂಗಿದರು. "ಪಾಕ್ ಕುಸ್! ಪಂಪು ನಿಂತೋಯ್ತು! ನೀರು ಒಳಗೆ ಬರ್ತಿದೆ!"

ಪಂಪಿನ ಬಾಯಿಗೆ ಪ್ಲಾಸ್ಟಿಕ್ ಚೀಲಗಳೂ ಯಾರದೋ ಹಾಸಿಗೆಯ ಅರಳೆಯೂ ಸಿಕ್ಕಿಕೊಂಡಿದ್ದವು. ಎದೆಮಟ್ಟದ ನೀರಿಗಿಳಿದು ಕೈಯಿಂದ ಕಿತ್ತು ತೆಗೆದ. ಡೀಸೆಲ್ ಇಂಜಿನ್ ನೀರು ಕುಡಿದಿತ್ತು. ಅದನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದ. ಅದು ಯಾವ ದೇಶದ್ದೋ ಅಗ್ಗದ ಯಂತ್ರ. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. "ನನ್ನ ಗಾಡಿ ನೋಡಿ ಕಲಿ," ಎಂದು ಬೈದಾಗ ಸುತ್ತ ನಿಂತವರು ನಕ್ಕರು. ಕಡೆಗೆ ಪಂಪು ಹಿಡಿದುಕೊಂಡಿತು. ಅಷ್ಟು ಹೊತ್ತಿಗೆ ಪೂರ್ತಿ ಬೆಳಕಾಗಿತ್ತು, ಮಳೆಯೂ ನಿಂತಿತ್ತು. ಓಣಿಯ ಯಾರ ಮನೆಗೂ ನೀರು ನುಗ್ಗಲಿಲ್ಲ. ಯಾರೋ ಬಿಸಿ ಕಾಫಿ ಕೊಟ್ಟರು, ಇನ್ನಾರೋ ಲವಂಗದ ಸಿಗರೇಟು. ಆ ಕಾಫಿಯನ್ನು ಅವನು ನಿಧಾನವಾಗಿ ಕುಡಿದ.

ಮನೆ ಹತ್ತಿರ ಬಂದಾಗ ಇಂಜಿನ್ನಿನ ಸದ್ದು ಕೇಳಿಸಿತು. ಒಂದೇ ಸಮನೆ, ಒಂದು ಬಡಿತವೂ ಜಾರದೆ. ಬಿಟ್ಟುಬಂದದ್ದು ಆಗ ನೆನಪಾಯಿತು. ಪೆಟ್ರೋಲು ದಂಡವಾಯಿತಲ್ಲ ಎಂಬುದೇ ಮೊದಲ ಯೋಚನೆ. ಹೊರಗಿನಿಂದ ಶಟರು ಎತ್ತಿದ. ನೀಲಿ ಹೊಗೆ ಮುಖಕ್ಕೆ ಬಡಿದು ಕಣ್ಣು ಉರಿಯಿತು. ಇಂಜಿನ್ ಆರಿಸಿ, ಕೆಮ್ಮುತ್ತ ಕೋಣೆಗೆ ಇಳಿದ.

ಮುರ್ತಿನಿ ಪಕ್ಕಕ್ಕೆ ತಿರುಗಿ ಮಲಗಿದ್ದಳು. ಕೆನ್ನೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ತುಟಿಯೂ ಕೆಂಪಾಗಿತ್ತು. ವಾರಗಟ್ಟಲೆ ಬಿಳಿಚಿಕೊಂಡಿದ್ದ ಮುಖದಲ್ಲಿ ಅಂಥ ಕಳೆ ನೋಡಿ ಅವನಿಗೆ ಸಂತೋಷವೇ ಆಯಿತು.

"ಮುರ್, ಇವತ್ತು ಚೆನ್ನಾಗಿ ಕಾಣ್ತಿದೀಯ ಕಣೆ," ಎಂದ. "ಏಳು, ಪಂಪು ಸರಿಹೋಯ್ತು."

ಉತ್ತರ ಬರಲಿಲ್ಲ. ಭುಜ ಹಿಡಿದು ಅಲುಗಿಸಿದ.

ಆಮೇಲೆ ಓಣಿಯ ಗಂಡಸರು ಅವಳನ್ನು ಎತ್ತಿ ಕಿಜಾಂಗ್‌ನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಕಾರು ಮತ್ತೆ ಮೊದಲ ಸಲಕ್ಕೇ ಎದ್ದು, ದೊಡ್ಡ ರಸ್ತೆಯ ಮಂಡಿಯುದ್ದದ ನೀರು ಸೀಳಿಕೊಂಡು ಆಸ್ಪತ್ರೆ ಮುಟ್ಟಿತು. ಪ್ರಾಣ ಹೋಗಿ ಬಹಳ ಹೊತ್ತಾಗಿದೆ ಎಂದರು ಅಲ್ಲಿ. ಹೃದಯ ನಿಂತಿದೆ ಎಂದು ಬರೆದುಕೊಟ್ಟರು. ಅದೇ ಕಾರಿನಲ್ಲಿ ಅವಳು ಮನೆಗೆ ಮರಳಿದಳು.

ಸಂಜೆಯೊಳಗೆ ಮಣ್ಣು ಮಾಡಬೇಕು. ಸರಿಪಜ್ಜಿ ಪರದೆ ಕಟ್ಟಿಸಿ ಸ್ನಾನ ಮಾಡಿಸಿದಳು. ಹೊರಗೆ ಬಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮದುವೆ ಹೆಣ್ಣಿನ ಹಾಗೆ ಕೆಂಪಗಿದಾಳೆ ಮಗಾ. ನಾನು ಇಷ್ಟು ವರ್ಷ ಎಷ್ಟೋ ಹೆಣ ತೊಳೆದೆ, ಹೀಗೆ ಹೊಳೆಯೋ ಮುಖ ನೋಡಿಲ್ಲ. ಪುಣ್ಯಾತ್ಗಿತ್ತಿ."

ಬಾಗಿಲ ಬಳಿ ನಿಂತಿದ್ದ ಗುನಾದಿ ಆ ಮಾತು ಕೇಳಿ ತಲೆಯೆತ್ತಿದ. ಒಳಗೆ ಹೋಗಿ, ಅಕ್ಕನ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದ. ಆಮೇಲೆ ಕೋಣೆಗೆ ಹೋದ. ಸಂದುಗಳಲ್ಲಿ ತುರುಕಿದ ಪತ್ರಿಕೆ, ಮೇಣದ ಪಟ್ಟಿ, ತೆರೆದ ಕಿಟಕಿ, ಅದರಾಚೆ ಸೈಲೆನ್ಸರ್ ಕೊಳವೆಯ ಕಪ್ಪು ಬಾಯಿ. ಗೋಡೆಯ ಆ ಭಾಗಕ್ಕೆ ಬೆರಳು ಒತ್ತಿದಾಗ ಮಸಿ ಹತ್ತಿತು. ಅವತ್ತು ಅವನು ಯಾರಿಗೂ ಏನೂ ಹೇಳಲಿಲ್ಲ. ಹೆಣಕ್ಕೆ ಹೆಗಲು ಕೊಟ್ಟ, ಗುಂಡಿಗಿಳಿದು ಅಕ್ಕನನ್ನು ಮಲಗಿಸಿದ.

ಮೂರನೆಯ ದಿನದ ಪ್ರಾರ್ಥನೆ ಮುಗಿದು, ಅನ್ನದ ಪೊಟ್ಟಣ ಹಿಡಿದುಕೊಂಡು ಜನ ಹೋದ ಮೇಲೆ ಭಾವನ ಎದುರು ಚಾಪೆಯ ಮೇಲೆ ಕೂತ.

"ಭಾವ, ಶಟರು ಮುಚ್ಕೊಂಡು ಕಾವು ಕೊಡ್ತಿದ್ರಾ?"

"ಹೌದು. ಗಾಳಿ ಬರ್ಬಾರ್ದು ಅಂತ. ಯಾಕೆ?"

"ಯಾವಾಗಿಂದ?"

"ಹೋದ ತಿಂಗಳಿಂದ." ಕುಸ್ಮಾಂತೊ ಅವನ ಮುಖ ನೋಡಿದ. "ಏನು ಹೇಳ್ಬೇಕು ಅಂತಿದೀಯೋ ಹೇಳು."

"ಗಾಳಿ ಅಲ್ಲ ಭಾವ. ಹೊಗೆ. ಕಾರ್ಬನ್ ಮೊನಾಕ್ಸೈಡ್. ಕಿಟಕಿ ಏರಿಸ್ಕೊಂಡು ಲಾರಿಲಿ ಮಲಗಿದ್ದ ಒಬ್ಬ ಡ್ರೈವರ್‌ನ ನೋಡಿದ್ದೆ ನಾನು. ಇದೇ ಬಣ್ಣ. ಹೊಗೆಗೆ ವಾಸನೆ ಇರುತ್ತೆ, ಅದರೊಳಗೆ ಇರೋ ಆ ಅನಿಲಕ್ಕೆ ಇಲ್ಲ."

"ನನ್ನ ಗಾಡಿನಾ?" ಕುಸ್ಮಾಂತೊನ ದನಿ ಏರಿತು. "ಇಪ್ಪತ್ತಮೂರು ವರ್ಷ ಅದರ ಹಿಂದೆನೇ ನಿಂತಿದೀನಿ ನಾನು. ನನಗೆ ಯಾಕೆ ಏನೂ ಆಗಲಿಲ್ಲ?"

"ಶಟರು ತೆಗೆದಿರ್ತಿತ್ತು. ಸಮುದ್ರದ ಗಾಳಿ ಹೊಡ್ಕೊಂಡು ಹೋಗ್ತಿತ್ತು. ಇಷ್ಟು ವರ್ಷ ಅದೇ ನಿಮ್ಮಿಬ್ಬರನ್ನೂ ಉಳಿಸಿತ್ತು. ನೆಲ ಎತ್ತರಿಸಿದ್ರಿ, ಕೊಳವೆ ಕಿಟಕಿ ಮಟ್ಟಕ್ಕೆ ಬಂತು, ತಲೆನೋವು ಶುರು ಆಯ್ತು. ಆಮೇಲೆ ಶಟರೂ ಮುಚ್ಚಿದ್ರಿ." ಗುನಾದಿ ತಲೆ ತಗ್ಗಿಸಿದ. "ಗಾಡೀದು ತಪ್ಪಿಲ್ಲ. ಯಾವ ಇಂಜಿನ್ ಆದ್ರೂ ಅಷ್ಟೇ. ಪೆಟ್ರೋಲು ಜಾಸ್ತಿ ಮಾಡಿದ್ದು ನಾನು. ಶಟರು ಮುಚ್ತೀರಾ ಅಂತ ಆವತ್ತು ಒಂದು ಮಾತು ಕೇಳಲಿಲ್ಲ."

ಕುಸ್ಮಾಂತೊ ಚಾಪೆಯಿಂದ ಎದ್ದ.

"ಅಳೆದು ನೋಡೋಣ," ಎಂದ.

"ಬೇಡ ಭಾವ. ಅಳೆದು ಏನಾಗ್ಬೇಕು ಈಗ?"

"ಅಂದಾಜಿನ ಮೇಲೆ ಒಂದು ಗೇಜಿಗೂ ನಾನು ಮುದ್ರೆ ಹಾಕಿದವನಲ್ಲ. ಆರೋಗ್ಯ ಕೇಂದ್ರದವರು ಅಂದಾಜು ಹೇಳಿದ್ರು, ಅಜ್ಜಿ ಅಂದಾಜು ಹೇಳಿದ್ಲು, ನಾನೂ ಅಂದಾಜಿನ ಮೇಲೇ ನಡೆದೆ. ನೀನೂ ಈಗ ಅಂದಾಜೇ ಹೇಳ್ತಿದೀಯ. ಮೀಟರ್ ತಗೊಂಡು ಬಾ."

ಬಾಯ್ಲರ್ ಮನೆಯಲ್ಲಿ ಕೆಲಸ ಮಾಡುವ ಸ್ನೇಹಿತನಿಂದ ಗುನಾದಿ ಮೀಟರ್ ತಂದ. ಅಂಗೈಯಗಲದ ಹಳದಿ ಪೆಟ್ಟಿಗೆ. ಕಂಡ ಅತಿ ಹೆಚ್ಚಿನ ಅಂಕೆಯನ್ನು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಕುಸ್ಮಾಂತೊ ಅದರ ಹಿಂಬದಿಯ ಪರೀಕ್ಷೆಯ ಚೀಟಿ ಓದಿ ದಿನಾಂಕ ಸರಿಯಾಗಿದೆಯೇ ಎಂದು ನೋಡಿದ. ಬಯಲಲ್ಲಿ ಹಿಡಿದಾಗ ಸೊನ್ನೆ ತೋರಿಸಿತು.

"ಎಷ್ಟಾದ್ರೆ ಎಷ್ಟು?" ಎಂದು ಕೇಳಿದ.

"ಗಾಳೀಲಿ ಹತ್ತು ಲಕ್ಷಕ್ಕೆ ಇಷ್ಟು ಪಾಲು ಅಂತ ಲೆಕ್ಕ. ಇನ್ನೂರಾದ್ರೆ ತಲೆನೋವು. ಎಂಟುನೂರಾದ್ರೆ ವಾಂತಿ, ಎರಡು ಗಂಟೆ ಒಳಗೆ ಪ್ರಜ್ಞೆ ಹೋಗುತ್ತೆ." ಗುನಾದಿ ಕೋಣೆಯ ಕಡೆ ನೋಡಿದ. "ಸಾವಿರದ ಆರುನೂರು ದಾಟಿದ್ರೆ ಒಂದು ಗಂಟೆ ಸಾಕು ಅಂತಾರೆ."

ಕೋಣೆಯಲ್ಲಿ ಹಾಸಿಗೆ ಹಾಗೇ ಇತ್ತು. ತಲೆದಿಂಬಿನಲ್ಲಿ ನೀಲಗಿರಿ ಎಣ್ಣೆಯ ವಾಸನೆ ಇನ್ನೂ ಉಳಿದಿತ್ತು. ಅವಳ ತಲೆ ಇರುತ್ತಿದ್ದ ಕುಳಿಯಲ್ಲಿ ಕುಸ್ಮಾಂತೊ ಮೀಟರನ್ನು ಇಟ್ಟ. ಬೀದಿ ಕಡೆಯ ಕಿಟಕಿ ಭದ್ರವಾಗಿದೆಯೇ ಎಂದು ನೋಡಿದ. ಬಾಗಿಲ ಅಡಿಗೆ ಸರೋಂಗು ಮಡಚಿ ಇಟ್ಟ. ಶಟರನ್ನು ಎಳೆದು ನೆಲಕ್ಕೆ ತಾಗಿಸಿದ. ಅವತ್ತು ಮಾಡಿದ್ದನ್ನೆಲ್ಲ ಅವತ್ತಿನ ಕ್ರಮದಲ್ಲೇ ಮಾಡಿದ. ಗುನಾದಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಚೋಕ್ ಎಳೆದು ಕೀಲಿಗೆ ಕೈ ಹಾಕಿದಾಗ ಮಾತ್ರ ಅವನ ಬೆರಳು ತಡೆದವು. ಇವತ್ತು ಒಂದು ಸಲ ಇದು ಏಳದಿರಲಿ ಎಂದು ಬೇಡಿಕೊಂಡ.

ಕಿಜಾಂಗ್ ಮೊದಲ ಸಲಕ್ಕೇ ಎದ್ದಿತು.

ಇಬ್ಬರೂ ಹಿತ್ತಿಲಿನಿಂದ ಹೊರಬಂದು ಓಣಿಯಲ್ಲಿ ನಿಂತರು. ಸರಿಪಜ್ಜಿ ತನ್ನ ಜಗಲಿಯ ಮೇಲೆ ಬಂದು ಕೂತಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಅರ್ಧ ಗಂಟೆಯಾದ ಮೇಲೆ ಗುನಾದಿ, "ಸಾಕು ಭಾವ, ನಿಲ್ಲಿಸ್ತೀನಿ," ಎಂದ. ಕುಸ್ಮಾಂತೊ ಬೇಡವೆಂದು ತಲೆಯಾಡಿಸಿದ. ಅವತ್ತು ಪಂಪಿನ ಹತ್ತಿರ ಕಾಫಿ ಕುಡಿದು ಮುಗಿಸಿದಷ್ಟು ಹೊತ್ತೂ ಆಗಬೇಕು ಎಂದ. ಮುಚ್ಚಿದ ಶಟರಿನ ಹಿಂದೆ ಇಂಜಿನ್ ಒಂದೇ ಸಮನೆ ಮಿಡಿಯುತ್ತಿತ್ತು. ಎಲ್ಲಾದರೂ ಒಮ್ಮೆ ತಪ್ಪೀತೇ ಎಂದು ಅವನು ಕಿವಿಗೊಟ್ಟು ನಿಂತಿದ್ದ.

ಹೊತ್ತು ತುಂಬಿದ ಮೇಲೆ ಗುನಾದಿ ಶಟರು ಎತ್ತಿದ, ಒದ್ದೆ ಟವೆಲು ಮುಖಕ್ಕೆ ಸುತ್ತಿಕೊಂಡು ಓಡಿಹೋಗಿ ಇಂಜಿನ್ ಆರಿಸಿದ. ಸಮುದ್ರದ ಕಡೆಯ ಗಾಳಿ ಶೆಡ್ಡಿನೊಳಗೆ ನುಗ್ಗಿತು. ಹೊಗೆ ಚದುರುವವರೆಗೆ ಕಾದು, ಕೋಣೆಗಿಳಿದು ಮೀಟರ್ ತಂದ. ಅದನ್ನು ತಾನು ನೋಡದೆ ಭಾವನ ಕೈಗಿಟ್ಟ.

ಕುಸ್ಮಾಂತೊ ಜೇಬಿನಿಂದ ಕನ್ನಡಕ ತೆಗೆದು, ಗಾಜು ಒರೆಸಿ, ಹಾಕಿಕೊಂಡ. ಗಿರಣಿಯಲ್ಲಿ ಮಾಡುತ್ತಿದ್ದಂತೆ ಮೀಟರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಪಕ್ಕದವನಿಗೆ ಕೇಳುವಷ್ಟು ಜೋರಾಗಿ ಅಂಕೆ ಓದಿದ. ಹತ್ತು ಲಕ್ಷಕ್ಕೆ ೧,೭೨೦.